ಪಿಯಾನೋ ತಂತಿ ಬದಲಿಸುವಾಗ ಕೈಗೆ ಯಾವ ಗ್ಲೌಸ್ ಹಾಕಬೇಕು?

ಹುಬ್ಬಳ್ಳಿ ಕೇಶ್ವಾಪುರದ ಮನೆಯಲ್ಲಿ ಅಜ್ಜನ ಕಾಲದ ಅಪ್‌ರೈಟ್ ಪಿಯಾನೋ ಇದೆ, ತಂತಿಗಳಿಗೆಲ್ಲ ತುಕ್ಕು ಹಿಡಿದಿದೆ, ನಾನೇ ಬದಲಿಸುತ್ತೇನೆ, ಆನ್‌ಲೈನ್‌ನಲ್ಲಿ ಸಿಗುವ ‘ಕಟ್ ಲೆವೆಲ್ 5’ ಗ್ಲೌಸ್ ಸಾಕಾಗುತ್ತದಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಅದೇ ಗ್ಲೌಸ್ ಹಾಕಿಕೊಂಡು ನಾನು ಪೆಟ್ಟು ತಿಂದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಧಾರವಾಡದಲ್ಲಿ ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುತ್ತೇನೆ. ಆಗೊಮ್ಮೆ ಈಗೊಮ್ಮೆ ಚರ್ಚಿನ ಇಲ್ಲವೇ ಹಳೇ ಬಂಗಲೆಯ ಪಿಯಾನೋ ಕೂಡ ಬರುತ್ತದೆ. ತಂಬೂರಿಯ ತಂತಿ ಕೂದಲೆಳೆಯಂಥದ್ದು, ಬರಿಗೈಯಲ್ಲೇ ಏರಿಸಿಬಿಡುತ್ತೇವೆ. ಪಿಯಾನೋದ್ದು ಹಾಗಲ್ಲ. ಸುಮಾರು 230 ತಂತಿ, ಒಂದೊಂದರ ಮೇಲೂ 70–80 ಕಿಲೋ ಎಳೆತ, ಎಲ್ಲಾ ಕೂಡಿಸಿದರೆ 15ರಿಂದ 20 ಟನ್. ಅದನ್ನೆಲ್ಲ ಒಳಗಿನ ಎರಕದ ಕಬ್ಬಿಣದ ಚೌಕಟ್ಟು ತಡೆದುಕೊಂಡು ನಿಂತಿರುತ್ತದೆ. ಹೈ ಕಾರ್ಬನ್ ಉಕ್ಕಿನ ಈ ತಂತಿ ಸುಮಾರು 0.8 ಮಿಮೀ ದಪ್ಪದಿಂದ ಶುರುವಾಗುತ್ತದೆ. ಕತ್ತರಿಸಿದ ತುದಿ ದಬ್ಬಣದ ಹಾಗಿರುತ್ತದೆ.

ಇಲ್ಲಿ ನಿಮ್ಮ ಶತ್ರು ಅಲಗಲ್ಲ, ಮೊನೆ. ಗ್ಲೌಸಿನ ಮೇಲೆ ಸುತ್ತಿಗೆಯ ಚಿತ್ರ, ‘ಇಎನ್ 388’ (ಗ್ಲೌಸ್ ಪರೀಕ್ಷೆಯ ಯುರೋಪಿಯನ್ ಮಾನದಂಡ) ಅನ್ನುವ ಬರಹ, ಅದರ ಕೆಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲನೆಯದು ಉಜ್ಜಾಟಕ್ಕೆ, ಎರಡನೆಯದು ಕೊಯ್ತಕ್ಕೆ, ಮೂರನೆಯದು ಹರಿದುಹೋಗುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. ಜಾಹೀರಾತಿನವರು ದೊಡ್ಡದಾಗಿ ಹಾಕುವ ‘5’ ಎರಡನೆಯ ಅಂಕಿ. ನೀವು ನೋಡಬೇಕಾದ್ದು ನಾಲ್ಕನೆಯದನ್ನು, ಅದರಲ್ಲಿ ಗರಿಷ್ಠ 4. ಅದೂ ಪೂರಾ ಭರವಸೆಯಲ್ಲ, ಯಾಕೆಂದರೆ ಆ ಪರೀಕ್ಷೆಯಲ್ಲಿ ಒತ್ತುವುದು ದಪ್ಪನೆಯ ಉಕ್ಕಿನ ಮೊಳೆಯಂಥದ್ದನ್ನು, ಸೂಜಿಯನ್ನಲ್ಲ.

ಒಂದು ಜುಲೈನಲ್ಲಿ, ನಮ್ಮೂರಿನ ಜಿಟಿಜಿಟಿ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ, ನಾನು ಒಂದು ಅಪ್‌ರೈಟಿಗೆ ಹೊಸ ತಂತಿ ಹಾಕುತ್ತಿದ್ದೆ. ಎಡಗೈಯಲ್ಲಿ ಅದೇ ಲೆವೆಲ್ 5 ಹೆಣಿಗೆಯ ಗ್ಲೌಸ್. ತಂತಿಯ ತುದಿಯನ್ನು, ಅದನ್ನು ಸುತ್ತುವ ಪಿನ್ನಿನ ಕಣ್ಣಿಗೆ ತೂರಿಸುವಾಗ ಪ್ಲೈಯರ್ ಜಾರಿತು, ತುದಿ ನೇರ ಹೆಬ್ಬೆರಳಿನ ಮೆತ್ತಗಿನ ಭಾಗಕ್ಕೆ ಹೋಯಿತು. ಗ್ಲೌಸ್ ತೆಗೆದು ಬೆಳಕಿಗೆ ಹಿಡಿದರೆ ಅದರಲ್ಲಿ ತೂತೇ ಕಾಣಲಿಲ್ಲ. ಎಳೆಗಳು ಪಕ್ಕಕ್ಕೆ ಸರಿದು ತಂತಿಗೆ ದಾರಿ ಕೊಟ್ಟು ಮತ್ತೆ ಮೊದಲಿನಂತೆ ಕೂಡಿಕೊಂಡಿದ್ದವು. ಬೆರಳಲ್ಲಿ ಸಾಸಿವೆ ಕಾಳಷ್ಟು ರಕ್ತ, ಅಷ್ಟೇ. ಇಷ್ಟಕ್ಕೇನು ಅಂತ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಬೆಳಗಾಗುವಷ್ಟರಲ್ಲಿ ಹೆಬ್ಬೆರಳು ಬಾತು ಕೆಂಪಗಾಗಿತ್ತು, ಹತ್ತು ದಿನ ಕೆಲಸ ನಿಂತಿತು. ಚುಚ್ಚಿದ ಗಾಯ ಒಳಗೆ ಆಳವಾಗಿರುತ್ತದೆ, ರಕ್ತ ಹರಿದು ತೊಳೆದುಕೊಳ್ಳುವುದಿಲ್ಲ. ಕೊನೆಯ ಸಲ ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿರಿ ಅಂತ ನೆನಪಿಲ್ಲದಿದ್ದರೆ ಕೆಲಸ ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿಬಿಡಿ.

ಆಮೇಲೆ ನಾನು ಇಡೀ ಕೆಲಸಕ್ಕೆ ಒಂದೇ ಗ್ಲೌಸ್ ಅನ್ನುವುದನ್ನು ಬಿಟ್ಟೆ. ಹಂತ ಬದಲಾದಂತೆ ಗ್ಲೌಸೂ ಬದಲಾಗಬೇಕು.

ತಂತಿ ಸಡಿಲಿಸುವಾಗ ಎರಡೂ ಕೈಗೆ ಚರ್ಮದ ಗ್ಲೌಸ್, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ. ಕನ್ನಡಕದ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ತುಕ್ಕು ತಿಂದ ತಂತಿ ಎಳೆತದಲ್ಲಿರುವಾಗಲೇ ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತದೆ. ಒಂದೇ ತಂತಿಯನ್ನು ಪೂರ್ತಿ ಬಿಚ್ಚಿ ಮುಂದಿನದಕ್ಕೆ ಹೋಗಬೇಡಿ. ಈ ತುದಿಯಿಂದ ಆ ತುದಿವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಳಿಸಿ, ಮತ್ತೆ ಮೊದಲಿನಿಂದ ಬನ್ನಿ, ಆಗ ಚೌಕಟ್ಟಿನ ಒಂದೇ ಕಡೆ ಭಾರ ಬೀಳುವುದಿಲ್ಲ. ಹಳೇ ಪಿಯಾನೋದೊಳಗೆ ಹುಳ ತಿಂದ ಫೆಲ್ಟಿನ ಪುಡಿ, ಇಲಿಯ ಹಿಕ್ಕೆ, ತಾಮ್ರದ ಕಿಲುಬು ಎಲ್ಲಾ ಇರುತ್ತದೆ, ಎನ್‌95 ಮಾಸ್ಕ್ ಹಾಕಿಕೊಳ್ಳಿ.

ಪಿನ್ ಕೀಳುವಾಗ ಲೆಕ್ಕ ತಿರುಗುಮುರುಗು. ಈ ಪಿನ್ ಅಂದರೆ ತಂಬೂರಿಯ ಬಿರಡೆ ಮಾಡುವ ಕೆಲಸವನ್ನೇ ಮಾಡುವ, ಸುಮಾರು 7 ಮಿಮೀ ದಪ್ಪದ ಉಕ್ಕಿನ ಗೂಟ. ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿ ತೆಗೆಯುವುದಾದರೆ ಡ್ರಿಲ್ ಹಿಡಿದ ಕೈಗೂ ಅದರ ಹತ್ತಿರ ಬರುವ ಕೈಗೂ ಗ್ಲೌಸ್ ಬೇಡವೇ ಬೇಡ. ಡ್ರಿಲ್ಲಿನ ತಿರುಗುವ ಮೂತಿಗೆ ಗ್ಲೌಸಿನ ಒಂದು ಎಳೆ ಸಿಕ್ಕಿದರೂ ಬೆರಳನ್ನೇ ಎಳೆದುಕೊಂಡು ಹೋಗುತ್ತದೆ. ಹೊರಬಂದ ಪಿನ್ ತಿಕ್ಕಾಟಕ್ಕೆ ಕಾದು ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ಕೈಯಿಂದ ಮುಟ್ಟದೆ ನೇರ ಸ್ಟೀಲ್ ಡಬ್ಬಿಗೆ ಬೀಳಿಸಿ.

ಹೊಸ ತಂತಿ ಹಾಕುವುದೇ ನಿಜವಾದ ಕಷ್ಟ, ಇಲ್ಲಿ ಎಡಗೈಗೂ ಬಲಗೈಗೂ ಬೇರೆ ಬೇರೆ ಬೇಕು. ಬಲಗೈ ಪಿನ್ ತಿರುಗಿಸುತ್ತದೆ, ಅದಕ್ಕೆ ಜಾರದ ಹಿಡಿತ ಸಾಕು, ಅಂಗೈಗೆ ನೈಟ್ರೈಲ್ ರಬ್ಬರ್ ಬಳಿದ ತೆಳು ಗ್ಲೌಸ್ ಹಾಕಿ. ಎಡಗೈಯ ಹೆಬ್ಬೆರಳು, ತೋರುಬೆರಳು ತಂತಿಯನ್ನು ಪಿನ್ನಿಗೆ ಒತ್ತಿ ಹಿಡಿದು ಮೂರು ಸುತ್ತು ಒಂದಕ್ಕೊಂದು ಅಂಟಿಕೊಂಡು ಕೂರುವಂತೆ ನೋಡಿಕೊಳ್ಳಬೇಕು. ಸುತ್ತು ಸರಿಯಾಗಿ ಕೂತಿತೋ ಇಲ್ಲವೋ ಅಂತ ಕಣ್ಣಿಗಿಂತ ಮೊದಲು ಗೊತ್ತಾಗುವುದು ಬೆರಳಿಗೆ. ದಪ್ಪ ಗ್ಲೌಸ್ ಹಾಕಿದರೆ ಆ ಗೊತ್ತು ಹೋಗುತ್ತದೆ, ಸುತ್ತಿನ ನಡುವೆ ಸಂದು ಬೀಳುತ್ತದೆ, ಶ್ರುತಿ ನಿಲ್ಲುವುದಿಲ್ಲ. ಇದಕ್ಕೆ ನಾನು ಬಳಸುವುದು ತೆಳು ಆಡಿನ ಚರ್ಮದ ಗ್ಲೌಸ್. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಅದನ್ನು ‘ಆರ್ಗಾನ್ ಗ್ಲೌಸ್’ ಅನ್ನುತ್ತಾರೆ. ನೀವು ಹುಬ್ಬಳ್ಳಿಯಲ್ಲೇ ಇದ್ದೀರಿ, ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ವಿಚಾರಿಸಿ. ಚರ್ಮದಲ್ಲಿ ಹೆಣಿಗೆಯಂತೆ ಸರಿದು ದಾರಿ ಬಿಡುವ ಎಳೆಗಳಿಲ್ಲ. ಜೋರಾಗಿ ಬಂದ ಮೊನೆಯನ್ನು ಅದೂ ಪೂರ್ತಿ ತಡೆಯದು, ಆದರೆ ಕೈ ಹಿಂದೆಳೆದುಕೊಳ್ಳುವಷ್ಟು ಹೊತ್ತು ಕೊಡುತ್ತದೆ. ಒಳಗೆ ಆ ಎರಡು ಬೆರಳಿಗೆ ಬಟ್ಟೆಯ ಮೆಡಿಕಲ್ ಪ್ಲಾಸ್ಟರನ್ನು ಎರಡು ಸುತ್ತು ಸುತ್ತಿಕೊಳ್ಳಿ.

ಅಳತೆಯ ವಿಷಯದಲ್ಲಿ ಸಂಕೋಚ ಬೇಡ, ಅಂಗಡಿಯಲ್ಲೇ ಹಾಕಿ ನೋಡಿ. ಗ್ಲೌಸ್ ಹಾಕಿದ ಕೈಯಿಂದ ಗಲ್ಲೆಯ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಲು ಬರಬೇಕು. ಬೆರಳ ತುದಿಯಲ್ಲಿ ಚರ್ಮ ಜೋತು ಬೀಳುತ್ತಿದ್ದರೆ ಬೇಡ. ತಂತಿಗೂ ಪಿನ್ನಿಗೂ ನಡುವೆ ಅದು ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದಾಗ ಸುತ್ತು ಬಿಚ್ಚಿ ಮುಖಕ್ಕೆ ಹಾರುತ್ತದೆ.

ಬಾಸ್ ತಂತಿಗಳನ್ನು, ಅಂದರೆ ತಾಮ್ರ ಸುತ್ತಿದ ದಪ್ಪ ತಂತಿಗಳನ್ನು, ಪೊಟ್ಟಣದಿಂದ ತೆಗೆದು ಜೋಡಿಸಿಡುವಾಗ ಮಾತ್ರ ಬಿಳಿ ಹತ್ತಿ ಗ್ಲೌಸ್ ಹಾಕಿ. ಅದು ನಿಮ್ಮ ಕೈಗಲ್ಲ, ತಂತಿಗೆ. ಬೆವರಿನ ಉಪ್ಪಿಗೆ ತಾಮ್ರ ಬಣ್ಣಗೆಡುತ್ತದೆ, ಬರಿ ಉಕ್ಕಿಗೆ ತುಕ್ಕು ಬರುತ್ತದೆ. ಇಷ್ಟು ದುಡ್ಡು ಹಾಕಿ ತರಿಸಿದ ಹೊಸ ತಂತಿಯ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಳೆಗಾಲ ಕಳೆದ ಮೇಲೆ ಕೆಲಸ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಕತ್ತರಿಸುವಾಗ ತಂತಿಯ ಎರಡೂ ಬದಿ ಹಿಡಿದುಕೊಳ್ಳಿ, ಬಿಟ್ಟರೆ ತುಂಡು ಗುಂಡಿನಂತೆ ಹಾರುತ್ತದೆ. ಬಿಚ್ಚಿದ ಹಳೇ ತಂತಿಯನ್ನು ಸುರುಳಿ ಮಾಡಿ ತುದಿಗಳಿಗೆ ಟೇಪ್ ಸುತ್ತಿ, ಹಾಗೇ ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಿನದ ಕೆಲಸ ಮುಗಿದ ಮೇಲೆ, ಗ್ಲೌಸ್ ತೆಗೆಯುವ ಮೊದಲೇ, ಹಳೇ ಸ್ಪೀಕರಿನ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆಲ್ಲ ಆಡಿಸಿ. ಮನೆಯೊಳಗೆ ನಾವೆಲ್ಲ ಓಡಾಡುವುದು ಬರಿಗಾಲಲ್ಲಿ.