ಅಜಿನೊಮೊಟೊ ಮತ್ತು ಅಮ್ಮನ ಟೊಮೇಟೊ ಸಾರು

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೇ ತರಗತಿ. ವಾರಕ್ಕೊಮ್ಮೆಯಾದರೂ ಸ್ಟೇಷನ್ ಹತ್ತಿರದ ಚೈನೀಸ್ ಗಾಡಿಯಲ್ಲಿ ನೂಡಲ್ಸ್ ತಿನ್ನಲೇಬೇಕು ಅವನಿಗೆ. ಅದಕ್ಕೆ ಹಾಕುವ ಅಜಿನೊಮೊಟೊ ಮಿದುಳಿಗೆ ವಿಷ ಎಂದು ನಮ್ಮತ್ತೆ ದಿನಾ ಬೈಯುತ್ತಾರೆ. ಹೌದೇ?
— ಓದುಗರು, ಡೊಂಬಿವಲಿ

ಉತ್ತರ: ವಿಷ ಅಲ್ಲಮ್ಮ. ನೀವು ಗಾಬರಿಯಲ್ಲಿ ಬರೆದ ಹಾಗಿದೆ, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ನಮ್ಮಮ್ಮ ಮಾಟುಂಗ ಮಾರ್ಕೆಟ್ಟಿನಲ್ಲಿ ಸಾರಿಗೆಂದು ಮೆತ್ತಗಾದ ಕೆಂಪು ಟೊಮೇಟೊಗಳನ್ನೇ ಆರಿಸುತ್ತಿದ್ದರು. ಗಟ್ಟಿ ಕಾಯಿ ಕೊಟ್ಟರೆ "ಇದ್ರಲ್ಲಿ ರುಚಿ ಇಲ್ಲ" ಅಂತ ವಾಪಸ್ ಇಡುತ್ತಿದ್ದರು. ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡತೊಡಗಿದ ಮೇಲೆ. ಟೊಮೇಟೊ ಹಣ್ಣಾದಂತೆಲ್ಲ ಅದರಲ್ಲಿ ಬಿಡಿಯಾಗಿರುವ ಗ್ಲುಟಾಮಿಕ್ ಆಮ್ಲ (ಪ್ರೋಟೀನನ್ನು ಕಟ್ಟುವ ತುಣುಕುಗಳಲ್ಲೊಂದು) ಜಾಸ್ತಿಯಾಗುತ್ತದೆ. ಬೇಳೆ, ಗೋಧಿಯಲ್ಲೂ ಇದು ಬೇಕಾದಷ್ಟಿದೆ. ಆದರೆ ಅಲ್ಲಿ ಪ್ರೋಟೀನಿನ ಸರಪಳಿಯೊಳಗೆ ಸಿಕ್ಕಿಕೊಂಡಿರುವುದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. 1866ರಲ್ಲಿ ರಿಟ್‌ಹೌಸನ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಬೇರ್ಪಡಿಸಿದ್ದು ಗೋಧಿಯ ಅಂಟಿನಿಂದಲೇ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲ ಪಾಚಿಯ ಸಾರಿನ ರುಚಿಗೆ ಇದೇ ಕಾರಣ ಎಂದು ಕಂಡುಕೊಂಡರು, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಈ ಗ್ಲುಟಾಮಿಕ್ ಆಮ್ಲಕ್ಕೆ ಸೋಡಿಯಂ ಕೂಡಿಸಿದರೆ ಗಾಡಿಯವನ ಬಿಳಿ ಪುಡಿ, ಅಂದರೆ ಅಜಿನೊಮೊಟೊ. ಸಾರಿನಿಂದ ಬಂತೋ ಪುಡಿಯಿಂದ ಬಂತೋ, ದೇಹಕ್ಕೆ ಎರಡೂ ಒಂದೇ.

ಇನ್ನು ಮಿದುಳು. ನಿಮ್ಮತ್ತೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಿದುಳಿನ ನರಕೋಶಗಳು ಒಂದನ್ನೊಂದು ಎಬ್ಬಿಸಲು ಮುಖ್ಯವಾಗಿ ಬಳಸುವುದು ಗ್ಲುಟಮೇಟನ್ನೇ, ಅಂದರೆ ಇದೇ ಗ್ಲುಟಾಮಿಕ್ ಆಮ್ಲದ ಇನ್ನೊಂದು ರೂಪವನ್ನು. ಅಲ್ಲಿ ಅದು ಅತಿಯಾದರೆ ಕೋಶಗಳಿಗೆ ಪೆಟ್ಟು, ನಿಜ. ಆದರೆ ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ನರಗಳನ್ನು ಸುಮ್ಮನಾಗಿಸುವ ಗಾಬಾ ಎಂಬ ರಾಸಾಯನಿಕ ಕೂಡ ಇದರಿಂದಲೇ ತಯಾರಾಗುತ್ತದೆ, ಬಿ6 ವಿಟಮಿನ್ನಿನ ನೆರವಿನಿಂದ. ಎಬ್ಬಿಸುವುದು ಯಾವುದೋ ಅದರಿಂದಲೇ ಮಲಗಿಸುವುದೂ! ಎಷ್ಟು ವರ್ಷ ಪಾಠ ಮಾಡಿದರೂ ಈ ಪುಟ ಬಂದಾಗ ನನಗೆ ಬೆರಗೇ ಆಗುತ್ತಿತ್ತು. ನಾವು ತಿಂದ ಗ್ಲುಟಮೇಟಿನಲ್ಲಿ ಬಹುಪಾಲನ್ನು ಕರುಳಿನ ಒಳಪದರ ತನ್ನ ಶಕ್ತಿಗೆ ಉರಿಸಿಬಿಡುತ್ತದೆ. ಉಳಿದದ್ದನ್ನು ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಸುಲಭವಾಗಿ ಒಳಗೆ ಬಿಡುವುದಿಲ್ಲ.

ಬೇರೆ ಆಹಾರವಿಲ್ಲದೆ ಒಂದೇ ಸಲ 3 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಅಜಿನೊಮೊಟೊ ಹೊಟ್ಟೆಗೆ ಹೋದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮೈ ಬಿಸಿ ಆಗಬಹುದು. ಮಗನಿಗೆ ನೂಡಲ್ಸ್ ತಿಂದಾಗಲೆಲ್ಲ ಹಾಗಾಗುತ್ತಿದ್ದರೆ ಬಿಡಿಸಿ. ನನಗೆ ನಿಜವಾಗಿ ಚಿಂತೆ ಆ ತಟ್ಟೆಯಲ್ಲಿರುವ ಉಪ್ಪು, ಸೋಯಾ ಸಾಸ್, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದ್ದು. ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆ ಸಾಕು. ಸಾಸ್ ಕಡಿಮೆ ಹಾಕಲು ಗಾಡಿಯವನಿಗೆ ಹೇಳು ಅಂತ ಮಗನಿಗೆ ಕಲಿಸಿಕೊಡಿ.