ಓದುಗರ ಪ್ರಶ್ನೆ: ಕರ್ನಾಟಕದ ಲೈಸೆನ್ಸ್, ಜರ್ಮನಿಯ ರಸ್ತೆ

ಪ್ರಶ್ನೆ: ದಾವಣಗೆರೆಯವನಾದ ನಾನು ಕೆಲಸದ ಮೇಲೆ ಮ್ಯೂನಿಕ್‌ಗೆ ಬಂದು ಐದು ತಿಂಗಳಾಯಿತು. ಊರಿನಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದ್ದೇನೆ. ಬರುವಾಗ ಆರ್‌ಟಿಓದಲ್ಲಿ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡು ಬಂದಿದ್ದೇನೆ. ಅದರ ಅವಧಿ ಮುಗಿಯುವವರೆಗೂ ಇಲ್ಲಿ ಓಡಿಸಬಹುದೆಂದು ಕೆಲವರೂ, ಒಮ್ಮೆ ಊರಿಗೆ ಹೋಗಿಬಂದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆಂದು ಇನ್ನು ಕೆಲವರೂ ಹೇಳುತ್ತಾರೆ. ಯಾವುದು ನಿಜ? ಪರೀಕ್ಷೆಯಿಲ್ಲದೆ ಜರ್ಮನ್ ಲೈಸೆನ್ಸ್ ಪಡೆಯಲು ದಾರಿಯಿದೆಯೇ?
— ಒಬ್ಬ ಓದುಗರು, ಮ್ಯೂನಿಕ್

ಉತ್ತರ: ಎರಡು ಮಾತೂ ನಿಜವಲ್ಲ, ಮತ್ತು ಎರಡನ್ನೂ ನಂಬಿದರೆ ನೀವು ತೊಂದರೆಗೆ ಸಿಲುಕುತ್ತೀರಿ. ನೀವು ಜರ್ಮನಿಯಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಪರವಾನಗಿ ಎನ್ನುವುದು ಮೂಲ ಲೈಸೆನ್ಸಿನ ವಿವರಗಳನ್ನು ಬೇರೆ ಭಾಷೆಗಳಲ್ಲಿ ತಿಳಿಸುವ ಪುಸ್ತಿಕೆಯಷ್ಟೇ ಆದ್ದರಿಂದ, ಅದರ ಮೇಲೆ ಒಂದು ವರ್ಷ ಎಂದು ಮುದ್ರಿಸಿದ್ದರೂ ಈ ಆರು ತಿಂಗಳಿಗೆ ಅದು ಒಂದು ದಿನವನ್ನೂ ಸೇರಿಸುವುದಿಲ್ಲ. ವಾಸ ಅಲ್ಲೇ ಇರುವಾಗ ನಡುವೆ ಊರಿಗೆ ಹೋಗಿಬಂದರೂ ಲೆಕ್ಕ ಹೊಸದಾಗುವುದಿಲ್ಲ. ಒಟ್ಟು ವಾಸವೇ ಹನ್ನೆರಡು ತಿಂಗಳು ಮೀರುವುದಿಲ್ಲವೆಂದು ದಾಖಲೆ ಸಮೇತ ತೋರಿಸಬಲ್ಲವರಿಗೆ ಮಾತ್ರ ಅವಧಿ ವಿಸ್ತರಣೆಯ ಅವಕಾಶವಿದೆ.

ಅವಧಿ ಮುಗಿದ ಮೇಲೂ ಓಡಿಸಿದರೆ ಅದು ದಂಡ ಕಟ್ಟಿ ಕೈತೊಳೆದುಕೊಳ್ಳುವ ಸಣ್ಣ ತಪ್ಪಲ್ಲ. ಲೈಸೆನ್ಸಿಲ್ಲದೆ ವಾಹನ ಓಡಿಸಿದ ಅಪರಾಧಕ್ಕೆ ಅಲ್ಲಿನ ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡವಿದೆ, ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರೂ ಅದಕ್ಕೆ ಹೊಣೆಯಾಗುತ್ತಾರೆ. ಗೆಳೆಯರ ಕಾರನ್ನು ಕೇಳುವಾಗ ಇದು ನೆನಪಿರಲಿ.

ಯಾವ ದೇಶಗಳ ಲೈಸೆನ್ಸನ್ನು ಜರ್ಮನಿ ಪರೀಕ್ಷೆಯಿಲ್ಲದೆ ತನ್ನದಕ್ಕೆ ಬದಲಾಯಿಸಿಕೊಡುತ್ತದೆಯೋ ಆ ಪಟ್ಟಿಯಲ್ಲಿ ಜಪಾನ್, ದಕ್ಷಿಣ ಕೊರಿಯಾ ಮೊದಲಾದವು ಇವೆ, ಭಾರತ ಇಲ್ಲ. ಆದ್ದರಿಂದ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ನೀವು ಪಾಸು ಮಾಡಲೇಬೇಕು. ಹೊಸಬರಿಗೆ ಕಡ್ಡಾಯವಾಗಿರುವ ತರಗತಿಗಳು ಮತ್ತು ವಿಶೇಷ ಚಾಲನಾ ಪಾಠಗಳಿಂದ ಮಾತ್ರ ನಿಮಗೆ ವಿನಾಯಿತಿಯಿದೆ. ಆದರೂ ಡ್ರೈವಿಂಗ್ ಸ್ಕೂಲಿಗೆ ಸೇರದೆ ಆಗುವುದಿಲ್ಲ, ಏಕೆಂದರೆ ಪ್ರಾಯೋಗಿಕ ಪರೀಕ್ಷೆ ನಡೆಯುವುದು ಅವರ ಕಾರಿನಲ್ಲಿ, ಅವರ ಬೋಧಕರು ಪಕ್ಕದಲ್ಲಿ ಕುಳಿತಿರುವಾಗ.

ಅರ್ಜಿಯೊಂದಿಗೆ ಲೈಸೆನ್ಸಿನ ಜರ್ಮನ್ ಭಾಷಾಂತರ, ಕಣ್ಣಿನ ಪರೀಕ್ಷೆಯ ಚೀಟಿ, ಫೋಟೋ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯ ಪ್ರಮಾಣಪತ್ರ ಬೇಕು. ಭಾಷಾಂತರವನ್ನು ಅಧಿಕೃತ ಭಾಷಾಂತರಕಾರರಿಂದ ಅಥವಾ ಎಡಿಎಸಿ ಎಂಬ ಮೋಟಾರು ಸಂಘದಿಂದ ಮಾಡಿಸಬಹುದು. ತರಬೇತಿ ಒಂದು ದಿನದಲ್ಲಿ ಮುಗಿಯುತ್ತದೆ. ಕಚೇರಿಯಲ್ಲಿ ಅರ್ಜಿ ಮುಂದೆ ಸಾಗಲು ವಾರಗಳೇ ಹಿಡಿಯುವುದರಿಂದ, ಉಳಿದಿರುವ ಒಂದು ತಿಂಗಳನ್ನು ಕಾಯದೆ ಈ ವಾರವೇ ಆರಂಭಿಸಿ. ಆರು ತಿಂಗಳು ದಾಟಿದರೂ ಬದಲಾವಣೆಯ ಹಕ್ಕು ಹೋಗುವುದಿಲ್ಲ. ಲೈಸೆನ್ಸ್ ಕೈಗೆ ಬರುವವರೆಗೆ ಕಾರು ಓಡಿಸುವ ಹಕ್ಕು ಮಾತ್ರ ಇರುವುದಿಲ್ಲ.

ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲೂ ಬರೆಯಬಹುದು. 30 ಪ್ರಶ್ನೆಗಳಿದ್ದು, ತಪ್ಪಿನ ಅಂಕ 10ನ್ನು ಮೀರಬಾರದು. ಐದು ಅಂಕದ ಎರಡು ಪ್ರಶ್ನೆ ತಪ್ಪಾದರೆ ಮೊತ್ತ ಹತ್ತೇ ಆದರೂ ಫೇಲು. ಪ್ರಾಯೋಗಿಕ ಪರೀಕ್ಷೆ ಸುಮಾರು 55 ನಿಮಿಷದ್ದಾಗಿದ್ದು, ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಬಲಕ್ಕೆ, ಎಡಕ್ಕೆ, ನೇರಕ್ಕೆ, ಮುಂದಿನ ತಿರುವಿನಲ್ಲಿ, ಇಲ್ಲಿ ನಿಲ್ಲಿಸಿ ಎಂಬಂತಹ ಮಾತುಗಳನ್ನು ಬೋಧಕರೊಂದಿಗೆ ಮೊದಲೇ ರೂಢಿ ಮಾಡಿಕೊಳ್ಳಿ.

ಹನ್ನೆರಡು ವರ್ಷದ ನಿಮ್ಮ ಅನುಭವದ ಬಗ್ಗೆ ಗೌರವದಿಂದಲೇ ಒಂದು ಮಾತು ಹೇಳಬೇಕಾಗಿದೆ, ಏಕೆಂದರೆ ನಾನೂ ಇದೇ ದಾರಿಯಲ್ಲಿ ನಡೆದು, ಮೊದಲ ಪ್ರಯತ್ನದಲ್ಲಿ ಫೇಲಾದವನು. ಮೂವತ್ತು ಕಿಲೋಮೀಟರ್ ಮಿತಿಯ ವಸತಿ ಬೀದಿಯಲ್ಲಿ ನಿಧಾನವಾಗಿಯೇ ಹೋಗುತ್ತಿದ್ದೆ. ಬಲಗಡೆಯಿಂದ ಒಂದು ಸಣ್ಣ ಬೀದಿ ಬಂದು ಸೇರುತ್ತಿತ್ತು, ಫಲಕವಿರಲಿಲ್ಲ, ದೀಪವಿರಲಿಲ್ಲ. ನಾನಿರುವುದು ದೊಡ್ಡ ರಸ್ತೆ, ಸಣ್ಣ ಬೀದಿಯವರು ನಿಲ್ಲುತ್ತಾರೆ ಎಂಬ ಊರಿನ ಲೆಕ್ಕದಲ್ಲಿ ನೇರ ಹೋದೆ. ಬೋಧಕರ ಕಾಲು ಬ್ರೇಕಿನ ಮೇಲಿತ್ತು, ಪರೀಕ್ಷೆ ಅಲ್ಲಿಗೆ ಮುಗಿಯಿತು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಎಂಬುದು ಅಲ್ಲಿನ ನಿಯಮ. ರಸ್ತೆಯ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಕಾಲಿಗೆ ಅದು ಇನ್ನೂ ಬಂದಿರಲಿಲ್ಲ. ಲೇನ್ ಬದಲಿಸುವ ಮುನ್ನ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಭುಜದ ಮೇಲಿಂದ ನೋಡಬೇಕು. ನೀವು ನೋಡಿದಿರೆಂಬುದು ಹಿಂದೆ ಕುಳಿತ ಪರೀಕ್ಷಕರಿಗೂ ಕಾಣಬೇಕು. ಬಲಕ್ಕೆ ತಿರುಗುವಾಗ ಪಕ್ಕದ ಸೈಕಲ್ ದಾರಿಯಲ್ಲಿ ನೇರ ಬರುತ್ತಿರುವವರನ್ನು ತಪ್ಪದೆ ನೋಡಿಕೊಳ್ಳಿ, ಅಲ್ಲಿ ತಪ್ಪಿದರೆ ಹೋಗುವುದು ಒಂದು ಜೀವ. ಕೆಲವು ಪಾಠಗಳನ್ನಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳಿ.

ಪ್ರಶ್ನೆ: ಮುಂದಿನ ತಿಂಗಳು ಪತಿಯೊಂದಿಗೆ ಜರ್ಮನಿಗೆ ಹೊರಟಿದ್ದೇನೆ. ನನ್ನ ಲೈಸೆನ್ಸಿನ ಅವಧಿ ಏಳು ತಿಂಗಳಲ್ಲಿ ಮುಗಿಯುತ್ತದೆ. ಅಲ್ಲಿ ಬದಲಾಯಿಸಿಕೊಂಡರೆ ನಮ್ಮ ಲೈಸೆನ್ಸ್ ಹೋಗಿಬಿಡುತ್ತದೆಯೇ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಹೊರಡುವ ಮುನ್ನವೇ ನವೀಕರಿಸಿಕೊಳ್ಳಿ. ಅವಧಿ ಮುಗಿಯಲು ಒಂದು ವರ್ಷವಿರುವಾಗಲೇ ಅರ್ಜಿ ಹಾಕಲು ನಮ್ಮಲ್ಲಿ ಅವಕಾಶವಿದೆ. ಅಲ್ಲಿ ಬದಲಾವಣೆಯ ವಿನಾಯಿತಿ ಸಿಗಬೇಕಾದರೆ ಕೈಯಲ್ಲಿರುವ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಇಲ್ಲವಾದರೆ ಹೊಸಬರಂತೆ ಎಲ್ಲ ಪಾಠಗಳನ್ನೂ ಕಲಿಯಬೇಕಾಗುತ್ತದೆ. ಜರ್ಮನ್ ಕಾರ್ಡ್ ಕೊಡುವಾಗ ನಮ್ಮದನ್ನು ಕಚೇರಿಯವರು ತೆಗೆದುಕೊಂಡು ಇರಿಸಿಕೊಳ್ಳುತ್ತಾರೆ, ಸಾಮಾನ್ಯವಾಗಿ ಜರ್ಮನ್ ಕಾರ್ಡನ್ನು ಒಪ್ಪಿಸಿದರೆ ಮಾತ್ರ ಅದು ಮರಳಿ ಸಿಗುತ್ತದೆ. ಆದ್ದರಿಂದ ಎರಡೂ ಬದಿಯ ಸ್ಪಷ್ಟ ಪ್ರತಿ ಮನೆಯಲ್ಲಿರಲಿ; ರಜೆಗೆ ಊರಿಗೆ ಬಂದಾಗ ಕಾರು ಓಡಿಸುವ ಯೋಚನೆಯಿದ್ದರೆ ಅಂತರರಾಷ್ಟ್ರೀಯ ಪರವಾನಗಿಯನ್ನು ಆಗ ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ. ನಿಮ್ಮ ಲೈಸೆನ್ಸಿನಲ್ಲಿ ದ್ವಿಚಕ್ರ ವಾಹನವೂ ಸೇರಿದ್ದರೆ, ಮೋಟಾರ್ ಸೈಕಲ್ಲಿಗೆ ಅಲ್ಲಿ ಬೇರೆಯೇ ಪರೀಕ್ಷೆಯಿದೆ.