ಟ್ರೈಟಾನ್ ದ್ರಾವಣದ ಕ್ಲೌಡ್ ಪಾಯಿಂಟ್ ದಿನಕ್ಕೊಂದು ಬರುತ್ತಿದೆ. ಪ್ರಾಜೆಕ್ಟಿಗೆ ಯಾವ ಸೇರ್ಪಡೆಯನ್ನು ಆರಿಸಿಕೊಳ್ಳಲಿ?

ಉಪ್ಪು, ಯೂರಿಯಾ, ಸಕ್ಕರೆ, ಆಲ್ಕೋಹಾಲ್ ಇವುಗಳಲ್ಲಿ ಯಾವುದನ್ನು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕಕ್ಕೆ ಸೇರಿಸಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಲಿ ಎಂದು ಕೇಳಿದ್ದೀರಿ. ಏನನ್ನೂ ಸೇರಿಸದ ದ್ರಾವಣವೇ ಒಂದು ದಿನ 66 ಡಿಗ್ರಿಯಲ್ಲಿ, ಇನ್ನೊಂದು ದಿನ 73ರಲ್ಲಿ ಮಸುಕಾಗುತ್ತದೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ (ಬಿಸಿ ಮಾಡಿದಾಗ ತಿಳಿ ದ್ರಾವಣ ಮಸುಕಾಗುವ ಉಷ್ಣತೆಯೇ ಕ್ಲೌಡ್ ಪಾಯಿಂಟ್). ನಿಮ್ಮ ನಿಜವಾದ ಪ್ರಶ್ನೆ ಇರುವುದು ಆ ಕೊನೆಯ ಸಾಲಿನಲ್ಲಿ.

ಮಂಗಳೂರಿನಲ್ಲಿ ಓದುತ್ತಿದ್ದಾಗ ನನ್ನ ಪ್ರಾಜೆಕ್ಟಿನ ವಿಷಯವೂ ಇದೇ ಆಗಿತ್ತು. ಸೇರ್ಪಡೆ ಸೋಡಿಯಂ ಕ್ಲೋರೈಡ್. ಶೇಕಡಾ 1ರ ಶುದ್ಧ ಟ್ರೈಟಾನ್ ಎಕ್ಸ್-100 ದ್ರಾವಣವು 64–65 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಬೇಕು. ನನ್ನದು 70 ದಾಟಿದರೂ ತಿಳಿಯಾಗಿಯೇ ಇರುತ್ತಿತ್ತು. ಆದರೆ ಉಪ್ಪು ಸೇರಿಸಿದ ದ್ರಾವಣಗಳು ಪುಸ್ತಕದ ಅಂಕಿಗಳಿಗೆ ಹತ್ತಿರವಾಗಿಯೇ ಮಸುಕಾಗುತ್ತಿದ್ದವು. ಆದ್ದರಿಂದ ಚಿಟಿಕೆ ಉಪ್ಪಿಗೇ ಕ್ಲೌಡ್ ಪಾಯಿಂಟನ್ನು ಅಷ್ಟು ಇಳಿಸುವ ಶಕ್ತಿಯಿದೆ ಎಂದು ನಂಬಿ, ಗ್ರಾಫ್ ಎಳೆದು, ವರದಿಯ ಮುಖ್ಯ ಅಧ್ಯಾಯವನ್ನು ಅದರ ಮೇಲೆಯೇ ಬರೆದುಬಿಟ್ಟೆ.

ತಪ್ಪು ಆದದ್ದು ಗಾಜಿನ ಪಾತ್ರೆಗಳನ್ನು ತೊಳೆಯುವಲ್ಲಿ. ಟ್ರೈಟಾನಿನ ಜಿಡ್ಡು ಹೋಗಲೆಂದು ನಾನು ಟೆಸ್ಟ್ ಟ್ಯೂಬುಗಳನ್ನು ಬಟ್ಟೆ ಒಗೆಯುವ ಪುಡಿಯಿಂದ ಉಜ್ಜಿ, ನಲ್ಲಿನೀರಿನಲ್ಲಿ ತೊಳೆದು, ಕೊನೆಗೆ ಒಮ್ಮೆ ಮಾತ್ರ ಬಟ್ಟಿ ಇಳಿಸಿದ ನೀರು ಹಾಕಿ ಅಲುಗಾಡಿಸುತ್ತಿದ್ದೆ. ಆ ಪುಡಿಯಲ್ಲಿರುವುದು ಋಣ ವಿದ್ಯುದಂಶವುಳ್ಳ ಸರ್ಫ್ಯಾಕ್ಟಂಟ್, ಅಂದರೆ ಜಿಡ್ಡನ್ನು ನೀರಿನಲ್ಲಿ ಬೆರೆಸುವ ಪದಾರ್ಥ. ಕಣ್ಣಿಗೆ ಕಾಣದಷ್ಟು ಉಳಿದರೂ ಅದು ನೇರವಾಗಿ ಟ್ರೈಟಾನಿನ ಅಣುಗಳ ಪುಟ್ಟ ಗುಂಪುಗಳಾದ ಮೈಸೆಲ್‌ಗಳೊಳಗೆ ಸೇರಿಕೊಳ್ಳುತ್ತದೆ. ಟ್ರೈಟಾನ್ ಮೈಸೆಲ್‌ಗಳಿಗೆ ಸ್ವಂತ ವಿದ್ಯುದಂಶವಿಲ್ಲ. ಅವುಗಳನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಅಣುವಿನ ನೀರನ್ನು ಮೆಚ್ಚುವ ಭಾಗವಾದ ಆಕ್ಸಿಎಥಿಲೀನ್ ಸರಪಳಿಗೆ ಅಂಟಿಕೊಂಡ ನೀರಿನ ಅಣುಗಳು, ಬಿಸಿ ಏರಿದಂತೆ ಆ ಅಂಟು ಸಡಿಲವಾಗಿ ಮೈಸೆಲ್‌ಗಳು ಒಂದನ್ನೊಂದು ಸೆಳೆದುಕೊಂಡು, ದ್ರಾವಣವು ಸರ್ಫ್ಯಾಕ್ಟಂಟ್ ಹೆಚ್ಚಿರುವ ಮತ್ತು ಕಡಿಮೆ ಇರುವ ಎರಡು ಪದರಗಳಾಗಿ ಒಡೆಯುತ್ತದೆ. ಸೋಪಿನಂಶ ಸೇರಿದ ಮೈಸೆಲ್‌ಗಳು ಮಾತ್ರ ಒಂದೇ ಬಗೆಯ ವಿದ್ಯುದಂಶ ಹೊತ್ತು ಪರಸ್ಪರ ದೂರ ತಳ್ಳುತ್ತವೆ. ಹಾಗಾಗಿ ಕ್ಲೌಡ್ ಪಾಯಿಂಟ್ ಮೇಲಕ್ಕೇರುತ್ತದೆ. ಅದೇ ದ್ರಾವಣಕ್ಕೆ ಉಪ್ಪು ಬಿದ್ದರೆ ಉಪ್ಪಿನ ಅಯಾನುಗಳು ಆ ವಿದ್ಯುದಂಶವನ್ನು ಮರೆಮಾಡುತ್ತವೆ, ಕ್ಲೌಡ್ ಪಾಯಿಂಟ್ ಮತ್ತೆ ತನ್ನ ಜಾಗಕ್ಕೆ ಇಳಿಯುತ್ತದೆ. ಅಂದರೆ ನಾನು ಅಳೆದದ್ದು ಉಪ್ಪು ಟ್ರೈಟಾನಿನ ಮೇಲೆ ಮಾಡುವ ಪರಿಣಾಮವನ್ನಲ್ಲ, ಪಾತ್ರೆಯಲ್ಲಿ ಉಳಿದ ಸೋಪನ್ನು ಉಪ್ಪು ಅಡಗಿಸುವುದನ್ನು. ಪೆಟ್ಟಿಗೆಯಿಂದ ಆಗತಾನೇ ತೆಗೆದ, ಸೋಪು ಮುಟ್ಟಿಸದ ಟ್ಯೂಬಿನಲ್ಲಿ ಬರೀ ಟ್ರೈಟಾನ್ 65ರಲ್ಲೇ ಬೆಳ್ಳಗಾದಾಗ ಇದು ತಿಳಿಯಿತು. ಅಷ್ಟರಲ್ಲಿ ವರದಿ ಒಪ್ಪಿಸುವ ದಿನ ಹತ್ತಿರವಾಗಿತ್ತು, ಇಡೀ ಅಧ್ಯಾಯವನ್ನು ಕೈಬಿಡಬೇಕಾಯಿತು.

ಹಾಗಾಗಿ ಯಾವ ಸೇರ್ಪಡೆ ಉತ್ತಮ ಎಂದು ಹೋಲಿಸುತ್ತ ಕೂರಬೇಡಿ. ಶುದ್ಧ ದ್ರಾವಣದ ಅಂಕಿ ನಿಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಅದು ನಿಂತ ಮೇಲೆ ಸೇರ್ಪಡೆಗಳು ತಮ್ಮ ಸ್ವಭಾವವನ್ನು ಸ್ಪಷ್ಟವಾಗಿಯೇ ತೋರಿಸುತ್ತವೆ. ಸಲ್ಫೇಟ್, ಫಾಸ್ಫೇಟ್, ಕ್ಲೋರೈಡ್‌ಗಳು ಕ್ಲೌಡ್ ಪಾಯಿಂಟನ್ನು ಇಳಿಸುತ್ತವೆ. ಅಯೊಡೈಡ್ ಮತ್ತು ಥಯೊಸಯನೇಟ್ ಏರಿಸುತ್ತವೆ. ಹಾಫ್‌ಮೈಸ್ಟರ್ ಎಂಬ ವಿಜ್ಞಾನಿ 1888ರಲ್ಲಿ ಮೊಟ್ಟೆಯ ಬಿಳಿಯ ಪ್ರೋಟೀನಿನಲ್ಲಿ ಕಂಡ ಲವಣಗಳ ಕ್ರಮವೇ ಬಹುಮಟ್ಟಿಗೆ ಇಲ್ಲಿಯೂ ಕಾಣುತ್ತದೆ. ಯೂರಿಯಾ ಏರಿಸುತ್ತದೆ, ಸಕ್ಕರೆ ಇಳಿಸುತ್ತದೆ. ಆಲ್ಕೋಹಾಲುಗಳನ್ನು ಒಂದೇ ಗುಂಪಿಗೆ ಹಾಕಬೇಡಿ: ಎಥನಾಲ್ ನೀರಿನಲ್ಲೇ ಉಳಿದು ಕ್ಲೌಡ್ ಪಾಯಿಂಟನ್ನು ಏರಿಸಿದರೆ, ಬ್ಯೂಟನಾಲ್ ಮತ್ತು ಅದಕ್ಕಿಂತ ಉದ್ದದವು ಮೈಸೆಲ್‌ನೊಳಗೆ ಹೊಕ್ಕು ಇಳಿಸುತ್ತವೆ. ನನ್ನನ್ನು ಕೇಳಿದರೆ, ಇಷ್ಟೆಲ್ಲದರಲ್ಲಿ ಪ್ರಾಜೆಕ್ಟಿಗೆ ಯೋಗ್ಯವಾದದ್ದು ಈ ಆಲ್ಕೋಹಾಲಿನ ಸರಣಿ. ಸೋಡಿಯಂ ಕ್ಲೋರೈಡ್ ಒಂದನ್ನೇ ಹಿಡಿದು ಕೂತರೆ ನಿಮಗೆ ಹೊಸದಾಗಿ ಹೇಳಲು ಏನೂ ಸಿಗದು.

ಇದೇ ಬಗೆಯ ಇನ್ನೊಂದು ಮಾರ್ಜಕವಾದ ಟ್ರೈಟಾನ್ ಎಕ್ಸ್-114 ತರಿಸುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. 1981ರಲ್ಲಿ ಬೋರ್ಡಿಯೇ ಎಂಬ ವಿಜ್ಞಾನಿ ಜೀವಕೋಶದ ಪೊರೆಯ ಪ್ರೋಟೀನುಗಳನ್ನು ಬೇರ್ಪಡಿಸಲು ಅದನ್ನು ಬಳಸಿದ್ದು ಅದರ ಕ್ಲೌಡ್ ಪಾಯಿಂಟ್ 22–23 ಡಿಗ್ರಿಯ ಆಸುಪಾಸಿನಲ್ಲಿದೆ ಎಂಬ ಕಾರಣಕ್ಕೇ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದರ ದ್ರಾವಣ ಮೇಜಿನ ಮೇಲೇ ಮಸುಕಾಗಿರುತ್ತದೆ. ಬಾಟಲಿ ಕೆಟ್ಟಿದೆ ಎಂದು ಚೆಲ್ಲಬೇಡಿ, ಐಸಿನಲ್ಲಿಟ್ಟರೆ ತಿಳಿಯಾಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಟ್ಯೂಬುಗಳನ್ನು ಸೋಪಿಲ್ಲದೆ ಎಥನಾಲಿನಿಂದ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಒಣಗಿಸಿ. ಎಲ್ಲ ದ್ರಾವಣಗಳನ್ನೂ ಒಂದೇ ಬಾಟಲಿಯ ಟ್ರೈಟಾನಿನಿಂದ ತಯಾರಿಸಿ, ಏಕೆಂದರೆ ಮಾರುಕಟ್ಟೆಯ ಟ್ರೈಟಾನ್ ಬೇರೆಬೇರೆ ಉದ್ದದ ಸರಪಳಿಗಳ ಮಿಶ್ರಣ. ನಿಧಾನವಾಗಿ ಕಲಕುತ್ತ ಬಿಸಿ ಮಾಡಿ, ಮಸುಕಾದ ಉಷ್ಣತೆಯನ್ನೂ ತಣಿಯುವಾಗ ತಿಳಿಯಾದ ಉಷ್ಣತೆಯನ್ನೂ ಬರೆದುಕೊಳ್ಳಿ. ಬಳಿಕ ಅದೇ ದ್ರಾವಣಕ್ಕೆ 0.05 ಮೋಲಾರ್ ಆಗುವಷ್ಟು ಸೋಡಿಯಂ ಕ್ಲೋರೈಡ್ ಸೇರಿಸಿ ಮತ್ತೆ ಅಳೆಯಿರಿ. ಪಾತ್ರೆ ಶುದ್ಧವಾಗಿದ್ದರೆ ಅಷ್ಟು ಉಪ್ಪಿಗೆ ಅಂಕಿ ಹೆಚ್ಚು ಕದಲದು. ಹಲವು ಡಿಗ್ರಿ ಕುಸಿದರೆ ಸೋಪು ಇನ್ನೂ ಉಳಿದಿದೆ. ಈ ಎರಡು ಅಂಕಿಗಳನ್ನು ನಿಮ್ಮ ಪ್ರಶ್ನೆಯ ಕೆಳಗೆ ಬರೆಯಿರಿ, ಆಲ್ಕೋಹಾಲ್ ಸರಣಿಯನ್ನು ಯಾವ ಸಾಂದ್ರತೆಯಿಂದ ಆರಂಭಿಸಬೇಕೆಂದು ಆಮೇಲೆ ಹೇಳುತ್ತೇನೆ.